ಗುಕೇಶ್ ಹೆಸರಿಲ್ಲದ ಚಾಂಪಿಯನ್ನರ ಪಟ್ಟಿ

ಪ್ರಶ್ನೆ: 2024ರಲ್ಲಿ ವಿಶ್ವ ಚಾಂಪಿಯನ್ ಆದ ಗುಕೇಶ್ ಹೆಸರು ನಮ್ಮದೇ ರಾಷ್ಟ್ರೀಯ ಚೆಸ್ ಚಾಂಪಿಯನ್ನರ ಪಟ್ಟಿಯಲ್ಲಿ ಇಲ್ಲ. ಪ್ರಜ್ಞಾನಂದ ಹೆಸರೂ ಇಲ್ಲ. ಈ ಚಾಂಪಿಯನ್‌ಷಿಪ್ ಶುರುವಾಗಿದ್ದು ಹೇಗೆ? ದೊಡ್ಡ ಆಟಗಾರರು ಮೊದಲಿಂದಲೂ ಇದರಿಂದ ದೂರವೇ ಇದ್ದರಾ? ನನ್ನ ಮಗಳು ರಾಜ್ಯ ಮಟ್ಟದಲ್ಲಿ ಆಡುತ್ತಾಳೆ. ಅವಳನ್ನು ಅಲ್ಲಿಗೆ ಕಳಿಸಿ ಏನಾದರೂ ಪ್ರಯೋಜನ ಇದೆಯಾ? (ಹಾಸನದ ಓದುಗರೊಬ್ಬರು)

ಉತ್ತರ: ದೂರ ಇರಲಿಲ್ಲ. ಒಂದು ಕಾಲದಲ್ಲಿ ಭಾರತದ ಆಟಗಾರನಿಗೆ ಹೊರಗಿನ ಚೆಸ್ ಲೋಕಕ್ಕೆ ಹೋಗಲು ಇದ್ದ ಒಂದೇ ಬಾಗಿಲು ಈ ರಾಷ್ಟ್ರೀಯ ಚಾಂಪಿಯನ್‌ಷಿಪ್. ಈಗ ಬಾಗಿಲುಗಳು ಹತ್ತಾರು ಇವೆ. ಗುಕೇಶ್ ಬೇರೆ ಬಾಗಿಲಿಂದ ಹೋದರು, ಅಷ್ಟೇ. ಹಾಗಂತ ಅವರು ಇತ್ತ ತಲೆ ಹಾಕಲೇ ಇಲ್ಲ ಅಂತಲ್ಲ. 2022ರಲ್ಲಿ ಕಾನ್ಪುರದಲ್ಲಿ ನಡೆದ ರಾಷ್ಟ್ರೀಯದಲ್ಲಿ ಆಡಿದ್ದರು. ಅರ್ಜುನ್ ಎರಿಗೈಸಿ ಗೆದ್ದರು, ಗುಕೇಶ್ ಎರಡನೆಯವರಾದರು. ಮುಂದೆ ಮೂರು ವರ್ಷದೊಳಗೆ ವಿಶ್ವ ಚಾಂಪಿಯನ್ ಆಗುವ ಹುಡುಗನಿಗೂ ಅಲ್ಲಿ ಮೊದಲ ಸ್ಥಾನ ಸಿಗಲಿಲ್ಲ ಅನ್ನುವುದನ್ನು ಮೊದಲು ನೆನಪಿಟ್ಟುಕೊಳ್ಳಿ.

ಈಗ ಹಿಂದಕ್ಕೆ ಹೋಗೋಣ. ನಮ್ಮಲ್ಲಿ ಚದುರಂಗ ಎಷ್ಟು ಹಳೆಯದು ಅಂತ ಎಲ್ಲರಿಗೂ ಗೊತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಒಗಟುಗಳನ್ನು ಕಟ್ಟಿದವರು. ಆದರೆ ಇಡೀ ದೇಶಕ್ಕೆ ಒಬ್ಬ ಚಾಂಪಿಯನ್ ಬೇಕು ಅಂದರೆ ಇಡೀ ದೇಶ ಒಂದೇ ನಿಯಮದಲ್ಲಿ ಆಡಬೇಕಲ್ಲ? ಹಾಗಿರಲಿಲ್ಲ. ನಮ್ಮ ದೇಶಿ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತಿತ್ತು. ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗ್ ಇರಲಿಲ್ಲ. ಅದರ ಬದಲು, ಅಲ್ಲಿಯವರೆಗೆ ಶಹ ಬೀಳದಿದ್ದರೆ ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದಿತ್ತು. ಕೊನೆ ಮನೆ ಮುಟ್ಟಿದ ಕಾಲಾಳು ತನಗಿಷ್ಟವಾದ ಕಾಯಿ ಆಗುತ್ತಿರಲಿಲ್ಲ, ಅದು ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಕಾಯಿ ಆಗುತ್ತಿತ್ತು. ಅದರಲ್ಲೂ ಊರಿಗೊಂದು ಪದ್ಧತಿ. ಇಂಥ ಆಟದಲ್ಲಿ ಬೆಳೆದವನು ಅಂತರರಾಷ್ಟ್ರೀಯ ನಿಯಮಕ್ಕೆ ಬಂದರೆ ಮೊದಲ ಹತ್ತು ನಡೆಯಲ್ಲೇ ಒದ್ದಾಡುತ್ತಿದ್ದ.

ಇದಕ್ಕೆ ದೊಡ್ಡ ಉದಾಹರಣೆ ಪಂಜಾಬಿನ ಮೀರ್ ಸುಲ್ತಾನ್ ಖಾನ್. ಸರ್ ಉಮರ್ ಹಯಾತ್ ಖಾನ್ ಅನ್ನುವ ಜಮೀನ್ದಾರರು ಅವರನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಯುರೋಪಿನ ನಿಯಮ ಕಲಿಸಿದರು. 1928ರಲ್ಲಿ ಸುಲ್ತಾನ್ ಖಾನ್ ಅಖಿಲ ಭಾರತ ಪಂದ್ಯಾವಳಿ ಗೆದ್ದರು: 8 ಗೆಲುವು, 1 ಡ್ರಾ, ಸೋಲೇ ಇಲ್ಲ. ಮರುವರ್ಷ ಲಂಡನ್ನಿಗೆ ಹೋಗಿ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಮಾಜಿ ವಿಶ್ವ ಚಾಂಪಿಯನ್ ಕ್ಯಾಪಬ್ಲಾಂಕಾ ಅವರನ್ನೂ ಸೋಲಿಸಿದರು. ಆರಂಭದ ನಡೆಗಳಲ್ಲಿ ಹಿಂದೆ ಬಿದ್ದು, ಅಂತ್ಯದ ಆಟದಲ್ಲಿ ಎದುರಾಳಿಯನ್ನು ಹಿಂಡುವುದು ಅವರ ರೀತಿಯಾಗಿತ್ತು. 1933ರಲ್ಲಿ ಊರಿಗೆ ವಾಪಸ್ ಬಂದರು. ದೊಡ್ಡ ಆಟ ಅಲ್ಲಿಗೆ ಮುಗಿಯಿತು. ವಿಶ್ವ ಚೆಸ್ ಒಕ್ಕೂಟ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿದ್ದು 2024ರಲ್ಲಿ, ಅವರು ತೀರಿಕೊಂಡು 58 ವರ್ಷದ ನಂತರ. ಅವರ ಬೆನ್ನಿಗೆ ಒಬ್ಬ ಜಮೀನ್ದಾರ ಇದ್ದರು, ಒಂದು ಸಂಸ್ಥೆ ಇರಲಿಲ್ಲ. ಜಮೀನ್ದಾರರು ವಾಪಸ್ ಹೊರಟಾಗ ಅವರೂ ಹೊರಡಬೇಕಾಯಿತು. ಒಂದು ದೇಶಕ್ಕೆ ತನ್ನದೇ ಆದ ನಿಯಮಿತ ಚಾಂಪಿಯನ್‌ಷಿಪ್ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇವರ ಕಥೆಯನ್ನೇ.

ಅಖಿಲ ಭಾರತ ಚೆಸ್ ಒಕ್ಕೂಟ ಹುಟ್ಟಿದ್ದು 1951ರಲ್ಲಿ, ಮದರಾಸಿನಲ್ಲಿ. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದಿದ್ದು 1955ರಲ್ಲಿ. ಎಲ್ಲಿ ಗೊತ್ತಾ? ಬೊಂಬಾಯಿ, ಕಲ್ಕತ್ತಾ ಅಲ್ಲ. ಆಂಧ್ರದ ಏಲೂರಿನಲ್ಲಿ. ಆಂಧ್ರದ ಚೆಸ್ ಸಂಸ್ಥೆಯವರು ಮುಂದೆ ನಿಂತು ನಡೆಸಿದರು. ಕೊನೆಗೆ ಮಹಾರಾಷ್ಟ್ರದ ರಾಮಚಂದ್ರ ಸಪ್ರೆ ಮತ್ತು ಆಂಧ್ರದ ಡಿ. ವೆಂಕಯ್ಯ ಸಮ ಅಂಕ ಪಡೆದರು. ಇಬ್ಬರನ್ನೂ ಚಾಂಪಿಯನ್ ಅಂತ ಘೋಷಿಸಿದರು. ಪಟ್ಟಿಯ ಮೊದಲ ಸಾಲಿನಲ್ಲೇ ಎರಡು ಹೆಸರು! ಶುರುವಿನಲ್ಲಿ ಇದು ಎರಡು ವರ್ಷಕ್ಕೊಮ್ಮೆ ನಡೆಯುತ್ತಿತ್ತು. ಆಮೇಲೆ ಪ್ರತಿವರ್ಷದ್ದಾಯಿತು.

1959ರಲ್ಲಿ ಮ್ಯಾನ್ಯುಯೆಲ್ ಆರನ್ ಬಂದರು. ಬರ್ಮಾದಲ್ಲಿ ಹುಟ್ಟಿ ತಮಿಳುನಾಡಿನಲ್ಲಿ ಬೆಳೆದವರು. 1959ರಿಂದ 1981ರ ನಡುವೆ ಒಂಬತ್ತು ಸಲ ಚಾಂಪಿಯನ್. ಅದರಲ್ಲಿ 1969ರಿಂದ 1973ರವರೆಗೆ ಸತತ ಐದು. ಆಗಿನ ವ್ಯವಸ್ಥೆ ಏಣಿಯ ಹಾಗಿತ್ತು. ದೇಶದ ಚಾಂಪಿಯನ್ ಆದರೆ ವಲಯ ಪಂದ್ಯ. ಅದನ್ನು ಗೆದ್ದರೆ ಅಂತರ ವಲಯ. ಅಲ್ಲಿ ಮೇಲೆ ಬಂದರೆ ಕ್ಯಾಂಡಿಡೇಟ್ಸ್. ಅದನ್ನೂ ಗೆದ್ದರೆ ವಿಶ್ವ ಚಾಂಪಿಯನ್ ಎದುರು ಕೂರುವ ಅವಕಾಶ. ಕೆಳಗಿನ ಮೆಟ್ಟಿಲು ತಪ್ಪಿದರೆ ಮೇಲಕ್ಕೆ ದಾರಿ ಇಲ್ಲ. ಆರನ್ 1961ರಲ್ಲಿ ಮಂಗೋಲಿಯಾದ ಮೋಮೋ ಅವರನ್ನು 3–1ರಿಂದ, ಆಸ್ಟ್ರೇಲಿಯಾದ ಸೆಸಿಲ್ ಪರ್ಡಿ ಅವರನ್ನು 3–0ಯಿಂದ ಸೋಲಿಸಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ (ಅತಿ ದೊಡ್ಡ ಪದವಿಯಾದ ಗ್ರ್ಯಾಂಡ್‌ಮಾಸ್ಟರ್‌ಗಿಂತ ಒಂದು ಮೆಟ್ಟಿಲು ಕೆಳಗಿನದು) ಆದರು. ಚೆಸ್‌ಗೆ ಮೊದಲ ಅರ್ಜುನ ಪ್ರಶಸ್ತಿ ಬಂದಿದ್ದೂ ಅವರಿಗೇ.

ಮರುವರ್ಷ, 1962ರಲ್ಲಿ, ಸ್ಟಾಕ್‌ಹೋಮ್ ಅಂತರ ವಲಯ. ಬಾಬಿ ಫಿಷರ್ ಗೆದ್ದ ಪಂದ್ಯಾವಳಿ ಅದು. ಆರನ್ ಕೊನೆಯ ಸ್ಥಾನ ಪಡೆದರು. ತುಂಬ ಜನ ಅಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಅದೇ ಪಂದ್ಯಾವಳಿಯಲ್ಲಿ ಅವರು ಹಂಗೇರಿಯ ಲಾಯೋಶ್ ಪೋರ್ಟಿಶ್ ಅವರನ್ನೂ ಪೂರ್ವ ಜರ್ಮನಿಯ ವುಲ್ಫ್‌ಗಾಂಗ್ ಉಲ್ಮನ್ ಅವರನ್ನೂ ಸೋಲಿಸಿದರು. ಇಬ್ಬರೂ ಆಗಿನ ಯುರೋಪಿನ ದೊಡ್ಡ ತಲೆಗಳು. ಒಳ್ಳೆಯ ಪುಸ್ತಕ ಸಿಗದ, ಜೊತೆಗೆ ಕೂತು ಅಭ್ಯಾಸ ಮಾಡಲು ಸಮಬಲದವರಿಲ್ಲದ ದೇಶದಿಂದ ಹೋದ ಒಬ್ಬ ಮನುಷ್ಯ ಇದನ್ನು ಮಾಡಿದ. ನನ್ನ ಮಟ್ಟಿಗೆ ಆ ಎರಡು ಗೆಲುವು ಕೊನೆಯ ಸ್ಥಾನಕ್ಕಿಂತ ಜಾಸ್ತಿ ತೂಗುತ್ತವೆ.

ಆ ಬಾಗಿಲು ಎಷ್ಟು ಕಿರಿದಾಗಿತ್ತು ಅಂತ ತಿಳಿಯಲು ಒಂದು ಲೆಕ್ಕ ಸಾಕು. ಭಾರತಕ್ಕೆ ಎರಡನೇ ಇಂಟರ್‌ನ್ಯಾಷನಲ್ ಮಾಸ್ಟರ್ ಸಿಕ್ಕಿದ್ದು 1978ರಲ್ಲಿ, ವಿ. ರವಿಕುಮಾರ್ ಏಷ್ಯನ್ ಜೂನಿಯರ್ ಗೆದ್ದಾಗ. ನಡುವೆ 17 ವರ್ಷ. ಈ 17 ವರ್ಷದಲ್ಲಿ ರಾಷ್ಟ್ರೀಯದಲ್ಲಿ ಆಡಿದವರಿಗೆ ಪ್ರತಿಭೆ ಇರಲಿಲ್ಲವೇ? ಖಂಡಿತ ಇತ್ತು. ಹೊರಗಿನವರ ಜೊತೆ ಆಡುವ ಅವಕಾಶ ಇರಲಿಲ್ಲ. ಬಂದು ಆಡುವವರಿಗೂ ದುಡ್ಡಿರಲಿಲ್ಲ, ಹೋಗಿ ಆಡುವವರಿಗೂ ದುಡ್ಡಿರಲಿಲ್ಲ.

ನಿಮಗೆ ಮಗಳಿದ್ದಾಳೆ, ಹಾಗಾಗಿ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಹಿಳೆಯರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದಿದ್ದು 1974ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಗೆದ್ದವರು ಮುಂಬೈಯ ವಾಸಂತಿ ಖಾಡಿಲ್ಕರ್. ಆಮೇಲಿನ ಕಥೆ ಬೇರೆ ಯಾವ ದೇಶದಲ್ಲೂ ನಾನು ಕೇಳಿಲ್ಲ. ವಾಸಂತಿ, ಜಯಶ್ರೀ, ರೋಹಿಣಿ ಮೂವರೂ ಅಕ್ಕತಂಗಿಯರು. ಮೊದಲ ಹತ್ತು ವರ್ಷದ ಎಲ್ಲ ಪ್ರಶಸ್ತಿಗಳೂ ಈ ಒಂದೇ ಮನೆಗೆ ಹೋದವು. ರೋಹಿಣಿ ಒಬ್ಬರೇ ಐದು ಸಲ ಗೆದ್ದರು.

ಆದರೆ ರೋಹಿಣಿ ಮಾಡಿದ ದೊಡ್ಡ ಕೆಲಸ ಅದಲ್ಲ. 1976ರಲ್ಲಿ, 13ನೇ ವಯಸ್ಸಿನಲ್ಲಿ, ಅವರು ಪುರುಷರ ರಾಷ್ಟ್ರೀಯದಲ್ಲಿ ಆಡಿದರು. ದೊಡ್ಡ ಗಲಾಟೆಯೇ ಆಯಿತು. ಹುಡುಗಿ ಇಲ್ಲಿ ಹೇಗೆ ಆಡುತ್ತಾಳೆ ಅಂತ ತಕರಾರು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು, ತೀರ್ಪು ರೋಹಿಣಿ ಪರವಾಗಿ ಬಂತು. ಆಗ ವಿಶ್ವ ಚೆಸ್ ಒಕ್ಕೂಟದ ಅಧ್ಯಕ್ಷರಾಗಿದ್ದವರು ಮಾಜಿ ವಿಶ್ವ ಚಾಂಪಿಯನ್ ಮ್ಯಾಕ್ಸ್ ಯೂವೆ. ರಾಷ್ಟ್ರೀಯ, ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಿಂದ ಮಹಿಳೆಯರನ್ನು ಹೊರಗಿಡುವಂತಿಲ್ಲ ಅಂತ ಅವರು ಹೇಳಿಬಿಟ್ಟರು. ರೋಹಿಣಿ ಸುಮ್ನೆ ಹಕ್ಕಿಗಾಗಿ ಕೂತು ಎದ್ದು ಬಂದವರಲ್ಲ, ಆ ಪಂದ್ಯಾವಳಿಯಲ್ಲಿ ಮೂರು ರಾಜ್ಯಗಳ ಚಾಂಪಿಯನ್ನರನ್ನು ಸೋಲಿಸಿದರು. ನಮ್ಮ ರಾಷ್ಟ್ರೀಯದ ಇಡೀ ಚರಿತ್ರೆಯಲ್ಲಿ ಜಗತ್ತಿನ ಚೆಸ್ ಮೇಲೆ ನೇರ ಪರಿಣಾಮ ಬೀರಿದ ಒಂದು ಘಟನೆ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ, ಆನಂದ್ ಗೆಲುವನ್ನಲ್ಲ.

ಎಂಬತ್ತರ ದಶಕ ಬಂದಾಗ ಗಾಳಿ ಬದಲಾಯಿತು. ಕಲ್ಕತ್ತಾದ ದಿಬ್ಯೇಂದು ಬರುವಾ 1978ರಲ್ಲೇ, 12ರ ಹುಡುಗನಾಗಿ, ರಾಷ್ಟ್ರೀಯ ಆಡಿದ್ದರು. 1982ರಲ್ಲಿ ಲಂಡನ್‌ನಲ್ಲಿ, ವಿಶ್ವ ಕಿರೀಟಕ್ಕಾಗಿ ಸೆಣಸಿದ್ದ ವಿಕ್ಟರ್ ಕೊರ್ಚ್‌ನಾಯ್ ಅವರನ್ನು ಸೋಲಿಸಿದರು, 1983ರಲ್ಲಿ ರಾಷ್ಟ್ರೀಯ ಗೆದ್ದರು. ಮುಂಬೈಯ ಪ್ರವೀಣ್ ಠಿಪ್ಸೆ 1982ರಿಂದ 1994ರೊಳಗೆ ಏಳು ಸಲ ಗೆದ್ದರು. ಅವರ ಪತ್ನಿ ಭಾಗ್ಯಶ್ರೀ ಮಹಿಳೆಯರ ವಿಭಾಗದಲ್ಲಿ ಐದು ಸಲ. ಒಂದೇ ಮನೆಯಲ್ಲಿ 12 ರಾಷ್ಟ್ರೀಯ ಪ್ರಶಸ್ತಿ!

ಮದರಾಸಿನ ವಿಶ್ವನಾಥನ್ ಆನಂದ್ 16ನೇ ವಯಸ್ಸಿಗೆ, 1986ರಲ್ಲಿ, ರಾಷ್ಟ್ರೀಯ ಚಾಂಪಿಯನ್ ಆದರು. 1987, 1988ರಲ್ಲೂ ಅವರೇ. ಅವರು ಬೆಳೆದಿದ್ದು ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿದ್ದ ತಾಲ್ ಚೆಸ್ ಕ್ಲಬ್‌ನಲ್ಲಿ. ಆ ಕ್ಲಬ್ ಕಟ್ಟಿದವರಲ್ಲಿ ಆರನ್ ಮುಖ್ಯರು. 1987ರಲ್ಲಿ ವಿಶ್ವ ಜೂನಿಯರ್, 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್. ಅಲ್ಲಿಗೆ ಅವರು ರಾಷ್ಟ್ರೀಯ ಆಡುವುದು ನಿಂತಿತು. ನೀವು ಕೇಳಿದ ಬದಲಾವಣೆ ಶುರುವಾಗಿದ್ದು ಇಲ್ಲಿಂದ. ಆನಂದ್‌ಗೆ ಈಗ ಯುರೋಪಿನ ದೊಡ್ಡ ಪಂದ್ಯಾವಳಿಗಳಿಂದ ನೇರವಾಗಿ ಕರೆ ಬರುತ್ತಿತ್ತು. ಅವರಿಗೆ ಬಾಗಿಲು ಬೇಕಿರಲಿಲ್ಲ, ಅವರು ಆಗಲೇ ಒಳಗಿದ್ದರು.

ಉಳಿದವರಿಗೆ ರಾಷ್ಟ್ರೀಯವೇ ಜೀವ. ಆಗ ಅದು ಎರಡು ಹಂತದಲ್ಲಿ ನಡೆಯುತ್ತಿತ್ತು. ಮೊದಲು 'ನ್ಯಾಷನಲ್ ಬಿ': ನೂರಾರು ಜನ, ಸ್ವಿಸ್ ಪದ್ಧತಿ, ಅಂದರೆ ಪ್ರತಿ ಸುತ್ತಲ್ಲೂ ಹೆಚ್ಚುಕಡಿಮೆ ಸಮ ಅಂಕದವರು ಎದುರಾಗುವುದು. ಅಲ್ಲಿ ಮೇಲೆ ಬಂದವರಿಗೆ 'ನ್ಯಾಷನಲ್ ಎ': ಕಡಿಮೆ ಜನ, ಎಲ್ಲರೂ ಎಲ್ಲರ ಜೊತೆ ಆಡುವ ಲೀಗ್. ಹಳೆಯ ಆಟಗಾರರನ್ನು ಕೇಳಿ ನೋಡಿ. ಎ ಗೆಲ್ಲುವುದಕ್ಕಿಂತ ಬಿ ದಾಟುವುದೇ ಕಷ್ಟ ಅನ್ನುವವರು ಬಹಳ ಜನ. ಯಾಕೆಂದರೆ ಬಿಯಲ್ಲಿ ಹೆಸರೇ ಕೇಳದ ಊರಿನ ಹುಡುಗ ಬಂದು ಮಾಸ್ಟರ್‌ಗಳನ್ನು ಕೆಡವಿ ಹೋಗುತ್ತಿದ್ದ. ದೇಶದೇಶಗಳ ತಂಡಗಳು ಆಡುವ ಚೆಸ್ ಒಲಿಂಪಿಯಾಡ್‌ನ ನಮ್ಮ ತಂಡಕ್ಕೆ ಯಾರು ಅನ್ನುವುದೂ ಬಹುಕಾಲ ಎಯಲ್ಲಿ ಯಾರು ಮೇಲಿದ್ದಾರೆ ಅನ್ನುವುದರ ಮೇಲೇ ನಿಂತಿತ್ತು. ಮುಂದೆ ಈ ಎರಡಕ್ಕೂ ಚಾಲೆಂಜರ್ಸ್, ಪ್ರೀಮಿಯರ್ ಅಂತ ಹೆಸರಾಯಿತು.

ಈ ಕಾಲದ ದೊಡ್ಡ ಹೆಸರು ಕೋಲ್ಕತ್ತದ ಸೂರ್ಯಶೇಖರ ಗಂಗೂಲಿ. 2003ರಿಂದ 2008ರವರೆಗೆ ಸತತ ಆರು ಸಲ ಚಾಂಪಿಯನ್. ಆರನ್ ಅವರ ಸತತ ಐದರ ದಾಖಲೆ ಹಿಂದೆ ಬಿತ್ತು. ಅದೇ ಗಂಗೂಲಿ 2008, 2010, 2012ರ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಆನಂದ್ ಅವರ ಸಹಾಯಕರ ತಂಡದಲ್ಲಿದ್ದರು. ರಾಷ್ಟ್ರೀಯವನ್ನು ಬಿಟ್ಟು ಮುಂದೆ ಹೋದವರ ವಿಶ್ವ ಕಿರೀಟದ ಹಿಂದೆ ರಾಷ್ಟ್ರೀಯವನ್ನು ಆಳಿದವರ ದುಡಿಮೆ ಇತ್ತು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಎರಡು ತಂಡಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2014ರಲ್ಲಿ ನಾರ್ವೆಯ ಟ್ರೋಮ್ಸೋದಲ್ಲಿ ಭಾರತ ಮುಕ್ತ ವಿಭಾಗದಲ್ಲಿ ಮೊದಲ ಒಲಿಂಪಿಯಾಡ್ ಪದಕ, ಕಂಚು, ಗೆದ್ದಿತು. ಆನಂದ್ ಇರಲಿಲ್ಲ. ತಂಡದಲ್ಲಿದ್ದವರು ಪರಿಮಾರ್ಜನ್ ನೇಗಿ, ಸೇತುರಾಮನ್, ಶಶಿಕಿರಣ್, ಅಧಿಬನ್, ಲಲಿತ್ ಬಾಬು. ರಾಷ್ಟ್ರೀಯ ಚಾಂಪಿಯನ್ನರ ಪಟ್ಟಿ ತೆಗೆಯಿರಿ. ಅಧಿಬನ್ 2009, ನೇಗಿ 2010, ಸೇತುರಾಮನ್ 2014, ಲಲಿತ್ ಬಾಬು 2017. ಶಶಿಕಿರಣ್ ಅಂತೂ 1999ರಿಂದ 2013ರವರೆಗೆ ಹಲವು ಸಲ. ಐವರಿಗೆ ಐವರೂ ಆ ಪಟ್ಟಿಯಲ್ಲಿದ್ದಾರೆ. ಹತ್ತು ವರ್ಷದ ನಂತರ, 2024ರಲ್ಲಿ, ಬುಡಾಪೆಸ್ಟ್‌ನಲ್ಲಿ ಭಾರತ ಚಿನ್ನ ಗೆದ್ದಿತು. ಗುಕೇಶ್, ಪ್ರಜ್ಞಾನಂದ, ಅರ್ಜುನ್, ವಿದಿತ್, ಹರಿಕೃಷ್ಣ. ಇವರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದವರು ಅರ್ಜುನ್ ಒಬ್ಬರೇ. ಹತ್ತೇ ವರ್ಷದಲ್ಲಿ ಐದರಿಂದ ಒಂದಕ್ಕೆ ಇಳಿಯಿತು.

ಯಾಕೆ ಹೀಗಾಯಿತು? ದುಡ್ಡು, ವೇಳಾಪಟ್ಟಿ ಎಲ್ಲ ಇದೆ. ಆದರೆ ಒಂದು ಗಣಿತವೂ ಇದೆ, ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಒಬ್ಬರ ರೇಟಿಂಗ್, ಅಂದರೆ ಆಟದ ಬಲ ತೋರಿಸುವ ಅಂಕಿ, 2750 ಅಂದುಕೊಳ್ಳಿ. ಎದುರಿಗೆ 2450ರ ಹುಡುಗ. ಅಂತರ 300. ರೇಟಿಂಗ್ ಕೋಷ್ಟಕದ ಪ್ರಕಾರ ಬಲಿಷ್ಠ ಆಟಗಾರನಿಂದ ನಿರೀಕ್ಷೆ 0.85 ಅಂಕ. ಗೆದ್ದರೆ ಸಿಗುವುದು 1.5 ರೇಟಿಂಗ್ ಪಾಯಿಂಟ್. ಡ್ರಾ ಆದರೆ ಹೋಗುವುದು 3.5. ಸೋತರೆ 8.5. ಅಂದರೆ ಒಂದು ಡ್ರಾ ಆದ ನಷ್ಟ ತುಂಬಲು ಎರಡು ಗೆಲುವೂ ಸಾಲದು. ಹನ್ನೊಂದು ಸುತ್ತು ಇದೇ ಭಯದಲ್ಲಿ ಆಡಬೇಕು. ದೊಡ್ಡ ಪಂದ್ಯಾವಳಿಗಳ ಕರೆ, ಒಲಿಂಪಿಯಾಡ್ ಸ್ಥಾನ ಎಲ್ಲವೂ ಈಗ ರೇಟಿಂಗ್ ಮೇಲೆ ನಿಂತಿವೆ. ಅವರು ಬರುವುದಿಲ್ಲ ಅಂದರೆ ಅದು ಅಹಂಕಾರ ಅಲ್ಲ. ಮಕ್ಕಳ ಮುಂದೆ ಅವರನ್ನು ಹಾಗೆ ಬಯ್ಯುವುದನ್ನು ಕೇಳಿದಾಗ ನನಗೆ ಬೇಜಾರಾಗುತ್ತದೆ.

ಆದರೆ ಅದೇ ಗಣಿತವನ್ನು ಆ ಕಡೆಯಿಂದ ನೋಡಿ. 2450ರ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. 2012ರಲ್ಲಿ ಚೆನ್ನೈಯ ಜಿ. ಆಕಾಶ್ 16ನೇ ವಯಸ್ಸಿಗೆ ರಾಷ್ಟ್ರೀಯ ಚಾಂಪಿಯನ್ ಆದರು. ಆಗ ಅವರು ಗ್ರ್ಯಾಂಡ್‌ಮಾಸ್ಟರ್ ಅಲ್ಲ. ಆ ಪದವಿ ಬಂದಿದ್ದು ಎಂಟು ವರ್ಷದ ನಂತರ, 2020ರಲ್ಲಿ. ಗ್ರ್ಯಾಂಡ್‌ಮಾಸ್ಟರ್‌ಗಳೇ ತುಂಬಿದ್ದ ಲೀಗಿನಲ್ಲಿ ಆ ಪದವಿ ಇಲ್ಲದ ಹುಡುಗ ಮೊದಲು ಬಂದ. ಇನ್ನೊಂದು ಅನುಕೂಲ ತುಂಬ ಪೋಷಕರಿಗೆ ಗೊತ್ತಿಲ್ಲ. ಗ್ರ್ಯಾಂಡ್‌ಮಾಸ್ಟರ್ ನಾರ್ಮ್ (ಆ ಪದವಿಗೆ ಲೆಕ್ಕಕ್ಕೆ ಬರುವ, ಒಂದು ಪಂದ್ಯಾವಳಿಯಲ್ಲಿನ ಸಾಧನೆ) ಬೇಕಾದರೆ ಸಾಮಾನ್ಯವಾಗಿ ವಿದೇಶಿ ಎದುರಾಳಿಗಳೂ ಇರಬೇಕು. ದೇಶದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಆ ಷರತ್ತಿನಿಂದ ವಿನಾಯಿತಿ ಇದೆ. ಕೋಲ್ಕತ್ತದ ಕೌಸ್ತವ್ ಚಟರ್ಜಿ ಕೊನೆಯ ನಾರ್ಮ್ ಪೂರೈಸಿ ಭಾರತದ 78ನೇ ಗ್ರ್ಯಾಂಡ್‌ಮಾಸ್ಟರ್ ಆಗಿದ್ದು ದೆಹಲಿಯಲ್ಲಿ ನಡೆದ ಸೀನಿಯರ್ ರಾಷ್ಟ್ರೀಯದಲ್ಲೇ. ವಿಮಾನದ ಟಿಕೆಟ್, ವೀಸಾ, ಯುರೋಪಿನ ಹೋಟೆಲ್ ಬಿಲ್ ಯಾವುದೂ ಇಲ್ಲದೆ. ಜೊತೆಗೆ ಕೆಲಸದ ವಿಷಯ. ರೈಲ್ವೆ, ಪೆಟ್ರೋಲಿಯಂ ಕಂಪನಿಗಳ ಕ್ರೀಡಾ ಮಂಡಳಿ ಇಲ್ಲಿಗೆ ತಮ್ಮ ಆಟಗಾರರನ್ನು ಕಳಿಸುತ್ತವೆ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ತೇಜ್‌ಕುಮಾರ್, ರೈಲ್ವೆಯವರು. ಮಧ್ಯಮ ವರ್ಗದ ಮನೆಯ ಆಟಗಾರನಿಗೆ ಸಂಬಳ ಬರುವ ಕೆಲಸ ಇದ್ದರೆ ಆಟ ಉಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಒಂದು ತಕರಾರನ್ನೂ ಹೇಳಬೇಕು. 2018ರ ಹೊತ್ತಿಗೆ ಎರಡು ಹಂತದ ವ್ಯವಸ್ಥೆ ಹೋಗಿ, ಎಲ್ಲರೂ ಒಟ್ಟಿಗೆ ಆಡುವ ಸ್ವಿಸ್ ಬಂತು. ಜಾಸ್ತಿ ಜನಕ್ಕೆ ಅವಕಾಶ ಸಿಕ್ಕಿತು, ನಿಜ. ಆದರೆ ಸ್ವಿಸ್‌ನಲ್ಲಿ ದೇಶದ ಇಬ್ಬರು ಬಲಿಷ್ಠರು ಎದುರುಬದುರು ಕೂರದೆಯೂ ಪಂದ್ಯಾವಳಿ ಮುಗಿಯಬಹುದು. ಅಂಕ ಸಮ ಆದರೆ ಎದುರಾಳಿಗಳ ಅಂಕ ಕೂಡಿಸಿ ಚಾಂಪಿಯನ್ ಯಾರು ಅಂತ ನಿರ್ಧರಿಸುತ್ತಾರೆ. ಲೀಗ್ ಹಾಗಲ್ಲ, ಅಲ್ಲಿ ಯಾರೂ ಯಾರಿಂದಲೂ ತಪ್ಪಿಸಿಕೊಳ್ಳುವಂತಿಲ್ಲ. ಅಮೆರಿಕದವರನ್ನು ನೋಡಿ. ಸೇಂಟ್ ಲೂಯಿಸ್‌ನಲ್ಲಿ ಆಯ್ದ ಕೆಲವರ ಲೀಗ್, ಒಳ್ಳೆಯ ಬಹುಮಾನ. ಫ್ಯಾಬಿಯಾನೋ ಕರುವಾನಾ ಅಂಥವರೂ ಬಂದು ಆಡುತ್ತಾರೆ, ಗೆಲ್ಲುತ್ತಾರೆ. ನಮ್ಮಲ್ಲೂ ಸ್ವಿಸ್‌ನಿಂದ ಮೇಲೆ ಬಂದ ಆರು ಜನ, ರೇಟಿಂಗ್‌ನಲ್ಲಿ ಮೇಲಿರುವ ಆರು ಜನ ಸೇರಿಸಿ ಹನ್ನೆರಡರ ಲೀಗ್ ನಡೆಸಿದರೆ ಗುಕೇಶ್ ಅಂಥವರಿಗೆ ಬರಲು ಒಂದು ಕಾರಣ ಸಿಗುತ್ತದೆ. ಎದುರಾಳಿಗಳ ರೇಟಿಂಗ್ ಜಾಸ್ತಿ ಇದ್ದರೆ ಡ್ರಾದ ನಷ್ಟವೂ ಕಡಿಮೆ ಆಗುತ್ತದೆ.

ಇನ್ನು ನಿಮ್ಮ ಮಗಳ ವಿಷಯ. ಕಳಿಸಿ. ಮಹಿಳೆಯರ ವಿಭಾಗದಲ್ಲಂತೂ ಆ ಬಾಗಿಲು ಈಗಲೂ ಚೆನ್ನಾಗಿ ತೆರೆದಿದೆ. 2022ರಲ್ಲಿ ಮಹಿಳಾ ರಾಷ್ಟ್ರೀಯ ಗೆದ್ದ ನಾಗಪುರದ ದಿವ್ಯಾ ದೇಶಮುಖ್ 2025ರಲ್ಲಿ ಮಹಿಳಾ ವಿಶ್ವಕಪ್ ಗೆದ್ದರು, ಅದೂ ಫೈನಲ್‌ನಲ್ಲಿ ಕೊನೇರು ಹಂಪಿ ಅವರನ್ನು ಸೋಲಿಸಿ. ಮೊದಲು ವಯೋಮಿತಿಯ ರಾಷ್ಟ್ರೀಯಗಳು, ಜೊತೆಗೆ ರಾಜ್ಯ ಸೀನಿಯರ್ ಮಹಿಳಾ ಪಂದ್ಯಾವಳಿ. ಅಲ್ಲಿಂದ ಸೀನಿಯರ್ ರಾಷ್ಟ್ರೀಯಕ್ಕೆ ದಾರಿ. ಮಹಿಳೆಯರ ವಿಭಾಗಕ್ಕಷ್ಟೇ ನಿಲ್ಲಿಸಬೇಡಿ, ರಾಜ್ಯದ ಮುಕ್ತ ವಿಭಾಗದಲ್ಲೂ ಹೆಸರು ಕೊಡಿ. ಅವಳು ಅಲ್ಲಿ ಕೂರುವುದಕ್ಕೆ ಈಗ ಯಾರ ಅಪ್ಪಣೆಯೂ ಬೇಕಿಲ್ಲ.